ಕವಿ ತನ್ನ ಪರಿಚಯ ಹೇಳಿಕೊಂಡ ಬಗೆ
(ಹೊಸ ಬರಹಗಾರರಿಗೆ ಒಂದು ಪಾಠ)



ನಮ್ಮ ವಾಚನಾಲಯದ ಪತ್ರಿಕೆಗೆ ಹೊಸದಾಗಿ ಬರೆಯುವವರು ತಮ್ಮ ಮೊದಲನೆಯ ಬರಹದೊಡನೆ ಒಂದು ಪುಟದ ಸ್ವಪರಿಚಯವನ್ನೂ ಬರೆದು ಕೊಡಬೇಕೆಂಬ ಪದ್ಧತಿ ಉಂಟು. ಹೆಸರೇನು, ಊರು ಯಾವುದು, ಇಲ್ಲಿ ಯಾವ ಉದ್ಯೋಗ, ಯಾವುದರಲ್ಲಿ ಅಭಿರುಚಿ, ಮನಸ್ಸು ನಂಬಿರುವುದೇನು, ಇಷ್ಟು ತಿಳಿಸಿದರೆ ಸಾಕು. ಕೇಳುವುದಕ್ಕೆ ಇದು ಸುಲಭವಾಗಿಯೇ ಕಾಣುತ್ತದೆ. ಆದರೆ ಹತ್ತು ಪುಟದ ಕಥೆಯನ್ನು ಒಂದೇ ರಾತ್ರಿಯಲ್ಲಿ ಬರೆದು ತರುವವರು ಕೂಡ ಈ ಒಂದು ಪುಟದ ಮುಂದೆ ತಡವರಿಸುವುದನ್ನು ಭಾನುವಾರದ ತರಗತಿಯಲ್ಲಿ ನಾನು ಬಹಳ ಸಲ ನೋಡಿದ್ದೇನೆ.

ಕೆಲವು ತಿಂಗಳ ಹಿಂದೆ ಕುಂದಾಪುರದ ಕಡೆಯ ತರುಣನೊಬ್ಬನು ಬಂದನು. ಈ ಮುಂಬಯಿಯ ಒಂದು ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆಯುವ ಕೆಲಸಕ್ಕೆ ಸೇರಿ, ಈಗ ಸಪ್ಲೈಯರ್ ಆಗಿದ್ದಾನೆ. ಅವನ ಕಥೆ ಚೆನ್ನಾಗಿತ್ತು. ಪರಿಚಯದ ಪುಟದಲ್ಲಿ ಮಾತ್ರ ಉದ್ಯೋಗದ ಸಾಲನ್ನು ಮೂರು ಸಲ ಹೊಡೆದು ಹಾಕಿ, ಕೊನೆಗೆ ‘ಖಾಸಗಿ ಸಂಸ್ಥೆಯಲ್ಲಿ ನೌಕರಿ’ ಎಂದು ಬರೆದಿದ್ದನು. ನಂಬಿಕೆಯ ವಿಷಯದಲ್ಲಿ, ಸಭೆಗಳಲ್ಲಿ ಭಾಷಣಕಾರರು ಹೇಳುವಂಥ ನಾಲ್ಕು ದೊಡ್ಡ ಮಾತುಗಳನ್ನು ಪೋಣಿಸಿಟ್ಟಿದ್ದನು.

“ಇದೇನು ಮಾರಾಯ, ಹೋಟೆಲಿನ ಕೆಲಸ ಖಾಸಗಿ ಸಂಸ್ಥೆಯಾದದ್ದು ಯಾವಾಗ?” ಎಂದು ಕೇಳಿದೆನು.

ಅವನು ತಲೆ ತಗ್ಗಿಸಿ, “ಊರಲ್ಲಿ ಕಂಪನಿಯಲ್ಲಿ ಕೆಲಸ ಅಂತ ಹೇಳಿದ್ದೇನೆ ಮಾಷ್ಟ್ರೇ. ಈ ಪತ್ರಿಕೆ ಊರಿನವರ ಕೈಗೂ ಹೋಗುತ್ತದೆ. ಅಮ್ಮನಿಗೆ ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾಳೆ,” ಎಂದನು.

ಅವನಿಗೆ ಆ ದಿನ ನಾನು ಹೇಳಿದ ಸಂಗತಿಗಳನ್ನೇ ಸ್ವಲ್ಪ ವಿಸ್ತರಿಸಿ ಈ ಪಾಠದಲ್ಲಿ ಬರೆಯುತ್ತಿದ್ದೇನೆ. ತನ್ನ ಪರಿಚಯ ತಾನೇ ಹೇಳಿಕೊಳ್ಳುವುದು ಇಂದಿನ ಹೊಸ ಪದ್ಧತಿಯೇನೂ ಅಲ್ಲ. ಕನ್ನಡದ ಕವಿಗಳು ಸಾವಿರ ವರ್ಷಕ್ಕೂ ಹಿಂದಿನಿಂದ ಇದನ್ನು ಮಾಡಿಕೊಂಡು ಬಂದಿದ್ದಾರೆ. ಅವರು ಏನನ್ನು ಹೇಳಿದರು, ಹೇಗೆ ಹೇಳಿದರು ಎಂಬುದನ್ನು ನೋಡೋಣ.

೧. ಆದಿಕವಿಯ ಪರಿಚಯ

ಪಂಪನಿಂದಲೇ ಆರಂಭಿಸೋಣ. ಆತನು ಹುಟ್ಟಿದ್ದು ಕ್ರಿ.ಶ. ೯೦೨ರಲ್ಲಿ. ‘ಆದಿಪುರಾಣ’ದ ಕಾಲ ೯೪೧. ಆಗ ಆತನ ವಯಸ್ಸು ಮೂವತ್ತೊಂಬತ್ತು. ಇದನ್ನು ನಾವು ಇಷ್ಟು ನಿಶ್ಚಯವಾಗಿ ಹೇಳಬಲ್ಲೆವಾದರೆ ಅದಕ್ಕೆ ಆತನು ತನ್ನ ಕಾವ್ಯಗಳಲ್ಲಿ ತಾನೇ ಬರೆದಿಟ್ಟ ವಿವರಗಳೇ ಕಾರಣ. ತನ್ನ ಮನೆತನ ವೆಂಗಿನಾಡಿನದೆಂದು ಆತನು ಹೇಳುತ್ತಾನೆ. ಮಾಧವ ಸೋಮಯಾಜಿಯಿಂದ ಹಿಡಿದು ತನ್ನ ತಂದೆಯಾದ ಅಭಿರಾಮದೇವರಾಯನ ತನಕ ಹಿರಿಯರ ಹೆಸರುಗಳನ್ನು ಕೊಡುತ್ತಾನೆ. ತನ್ನ ಮೈಬಣ್ಣ, ಗುಂಗುರು ಕೂದಲು, ಮಧ್ಯಮ ಮೈಕಟ್ಟು ಇವನ್ನು ಸಹ ಬಿಡದೆ ವರ್ಣಿಸಿಕೊಳ್ಳುತ್ತಾನೆ. ಅಂದಿನ ಕಾಲಕ್ಕೆ ಇದೇ ಭಾವಚಿತ್ರವೆಂದು ತಿಳಿಯಬಹುದು.

ಇನ್ನು ನಂಬಿಕೆಯ ಮಾತು. ಪಂಪನ ಮನೆತನ ಮೊದಲು ವೈದಿಕವಾಗಿತ್ತು. ತಂದೆಯು ಜಿನಧರ್ಮವನ್ನು ಸ್ವೀಕರಿಸಿದನು. ಇದನ್ನು ಆತನು ಮುಚ್ಚಿಡಲಿಲ್ಲ. ತಂದೆ ಹಾಗೇಕೆ ಮಾಡಿದನೆಂಬುದನ್ನೂ ಗೌರವದಿಂದಲೇ ತಿಳಿಸಿದನು. ಮುಂದೆ ಆತನು ತನ್ನ ಎರಡು ಕಾವ್ಯಗಳ ಉದ್ದೇಶವನ್ನೂ ಬೇರೆ ಬೇರೆಯಾಗಿ ಹೇಳಿದ್ದಾನೆ: ‘ಆದಿಪುರಾಣ’ದಲ್ಲಿ ತಾನು ನಂಬಿದ ಜಿನಾಗಮವನ್ನು ಬೆಳಗಿಸುವುದು, ‘ವಿಕ್ರಮಾರ್ಜುನ ವಿಜಯ’ದಲ್ಲಿ ಲೋಕದ ವ್ಯವಹಾರವನ್ನು ಬೆಳಗಿಸುವುದು. ಯುದ್ಧ, ಸ್ನೇಹ, ತ್ಯಾಗ, ಊರು, ವನ, ವಸಂತ ಇವೆಲ್ಲ ಆತನಿಗೆ ಪ್ರಿಯ. ಜಿನನೂ ಪ್ರಿಯನೇ. ಒಂದಕ್ಕಾಗಿ ಇನ್ನೊಂದನ್ನು ಆತನು ಬಚ್ಚಿಡಬೇಕಾಗಲಿಲ್ಲ. ಜೈನನಾದ ಆತನು ಮಹಾಭಾರತದ ಕಥೆಯನ್ನೇ ಎತ್ತಿಕೊಂಡು ಅದರಲ್ಲಿ ಕರ್ಣನನ್ನು ಎಷ್ಟು ಪ್ರೀತಿಯಿಂದ ಚಿತ್ರಿಸಿದನೆಂಬುದು ಕನ್ನಡಿಗರಿಗೆಲ್ಲ ತಿಳಿದದ್ದೇ.

ಹೊರನಾಡಿನಲ್ಲಿರುವ ನಾವು ನೆನಪಿಡತಕ್ಕ ಇನ್ನೊಂದು ವಿಷಯವಿದೆ. ಪಂಪನು ಆಶ್ರಯ ಪಡೆದದ್ದು ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಸ್ಥಾನದಲ್ಲಿ. ಆ ವೇಮುಲವಾಡ ಇಂದು ತೆಲಂಗಾಣಕ್ಕೆ ಸೇರಿದೆ. ಅದೇ ಸೀಮೆಯ ಕುರ್ಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮನಾದ ಜಿನವಲ್ಲಭನು ಕೆತ್ತಿಸಿದ ಶಾಸನವಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಅದರಲ್ಲಿವೆ. ಹೈದರಾಬಾದಿನಲ್ಲಿರುವ ನಮ್ಮ ಮಿತ್ರರು ಬಿಡುವಾದಾಗ ಹೋಗಿ ನೋಡಿ ಬರಬಹುದು. ಹೀಗೆ ನಮ್ಮ ಆದಿಕವಿಯೇ ಇಂದಿನ ಕರ್ನಾಟಕದ ಹೊರಗೆ ಇದ್ದು, ಅಲ್ಲಿಂದ ಬನವಾಸಿಯನ್ನು ಕುರಿತು ಹಂಬಲಿಸಿ ಬರೆದವನು.

೨. ಬಳೆಗಾರರ ಮನೆಯ ಮಗ

ರನ್ನನ ಕಥೆ ನಮಗೆ ಇನ್ನೂ ಹತ್ತಿರದ್ದು. ಈತನು ೯೪೯ರಲ್ಲಿ ಮುದುವೊಳಲು, ಅಂದರೆ ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಹುಟ್ಟಿದನು. ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ. ಮನೆತನದ ವೃತ್ತಿ ಬಳೆ ವ್ಯಾಪಾರ. ವಿದ್ಯೆಯ ಆಸೆಯಿಂದ ಊರು ಬಿಟ್ಟು, ನೂರಾರು ಮೈಲಿ ದೂರದ ಗಂಗರ ನಾಡಿಗೆ ಹೋಗಿ, ಅಜಿತಸೇನಾಚಾರ್ಯರಲ್ಲಿ ಕಲಿತು, ಚಾವುಂಡರಾಯನ ಆಶ್ರಯ ಪಡೆದನು. ಮುಂದೆ ಚಾಲುಕ್ಯ ಚಕ್ರವರ್ತಿ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆಂಬ ಬಿರುದನ್ನು ಧರಿಸಿದನು.

ಕವಿಚಕ್ರವರ್ತಿಯಾದವನಿಗೆ ತನ್ನ ಮನೆತನದ ವೃತ್ತಿಯ ಸುದ್ದಿ ಎತ್ತದೆ ಇರುವುದು ಸುಲಭವಾಗಿತ್ತು. ಯಾರೂ ಕೇಳುತ್ತಿರಲಿಲ್ಲ. ಆದರೂ ೯೯೩ರ ‘ಅಜಿತಪುರಾಣ’ದಲ್ಲಿ ಆತನು ತಾನು ಬಳೆಗಾರ ಕುಲದವನೆಂದು ತಾನೇ ಹೇಳಿಕೊಂಡನು. ತಂದೆತಾಯಿ, ಅಣ್ಣಂದಿರು, ಗುರು, ಆಶ್ರಯದಾತರು ಎಲ್ಲರನ್ನೂ ಹೆಸರು ಹಿಡಿದು ನೆನೆದನು. ಆ ಕಾವ್ಯವನ್ನು ಬರೆಯಿಸಿದ ಅತ್ತಿಮಬ್ಬೆಯ ಹೆಸರನ್ನು ತನ್ನ ಮಗಳಿಗೂ, ಚಾವುಂಡರಾಯನ ನೆನಪಿಗಾಗಿ ರಾಯನೆಂಬ ಹೆಸರನ್ನು ಮಗನಿಗೂ ಇಟ್ಟನು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ ಅತ್ತಿಮಬ್ಬೆಯೇ ಈಕೆ. ಉಚಿತ ವಾಚನಾಲಯದಲ್ಲಿ ಕುಳಿತು ಓದುವ ನಾವು ಆ ತಾಯಿಯನ್ನು ನೆನೆಯುವುದು ನ್ಯಾಯವೇ.

ರನ್ನನು ವಿನಯದ ಮನುಷ್ಯನಲ್ಲ. ತನ್ನ ಕಾವ್ಯವನ್ನು ತಾನೇ ಗಟ್ಟಿಯಾಗಿ ಹೊಗಳಿಕೊಂಡವನು. ಆ ಹೆಮ್ಮೆಯ ಪಕ್ಕದಲ್ಲಿಯೇ ಬಳೆಯ ಮಾತೂ ಇದೆ ಎಂಬುದನ್ನು ಗಮನಿಸಬೇಕು. ಕುಂದಾಪುರದ ತರುಣನಿಗೆ ನಾನು ಮೊದಲು ಹೇಳಿದ್ದು ಈ ರನ್ನನ ವಿಷಯವನ್ನೇ.

೩. ಕಾಯಕವನ್ನು ಹೆಸರಿಗೆ ಸೇರಿಸಿಕೊಂಡವರು

ಹನ್ನೆರಡನೆಯ ಶತಮಾನದ ಶರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಈ ಹೆಸರುಗಳನ್ನು ಒಮ್ಮೆ ಉಚ್ಚರಿಸಿ ನೋಡಿರಿ. ದೋಣಿ ನಡೆಸುವವನು, ಬಟ್ಟೆ ಒಗೆಯುವವನು, ಹಗ್ಗ ಹೊಸೆಯುವವನು, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮನೆಯಾಕೆ. ಕೆಲಸವೇ ಹೆಸರಿನ ಮೊದಲ ಪದ.

ವಚನಕಾರರ ಪರಿಚಯದ ಇನ್ನೊಂದು ಭಾಗವೇ ಅಂಕಿತ. ಪ್ರತಿ ವಚನದ ಕೊನೆಗೆ ತಮ್ಮ ಇಷ್ಟದೈವದ ಹೆಸರನ್ನು ಅವರು ಇಡುತ್ತಿದ್ದರು. ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಅಲ್ಲಮಪ್ರಭುವಿನದು ಗುಹೇಶ್ವರ. ಚೌಡಯ್ಯನಾದರೋ ಅಂಬಿಗರ ಚೌಡಯ್ಯನೆಂಬ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡನು! ದೋಣಿಯ ಕೆಲಸದ ಮೇಲೆ ಅವನಿಗೆ ಅಷ್ಟು ಅಭಿಮಾನ.

ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ಕೃಷ್ಣೆ ಮಲಪ್ರಭೆಗಳು ಕೂಡುವ ಆ ಕ್ಷೇತ್ರದಲ್ಲಿ ಅವರು ಬಾಲ್ಯದ ವಿದ್ಯಾಭ್ಯಾಸದ ಕಾಲವನ್ನು ಕಳೆದರು. ಮುಂದೆ ಉದ್ಯೋಗವು ಅವರನ್ನು ದೂರಕ್ಕೆ ಒಯ್ದಿತು. ಮಂಗಳವೇಢೆಯಲ್ಲಿ ಬಿಜ್ಜಳನ ಬಳಿ ಕರಣಿಕರಾಗಿ ಲೆಕ್ಕ ಬರೆದರೆಂದು ಸಂಪ್ರದಾಯವು ಹೇಳುತ್ತದೆ. ಆ ಊರು ಈಗ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿದೆ. ಅನಂತರ ಕಲ್ಯಾಣದಲ್ಲಿ ಭಂಡಾರಿಗಳಾದರು. ಇಷ್ಟಾದರೂ ವಚನದ ಕೊನೆಗೆ ಸಂಗಮದ ದೇವರ ಹೆಸರೇ ಬಂದಿತು. ಊರು ಬಿಟ್ಟು ಬಂದು ದಿನವೆಲ್ಲಾ ಲೆಕ್ಕದ ಪುಸ್ತಕದ ಮುಂದೆ ಕೂಡುವ ನಮ್ಮಂಥವರಿಗೆ ಇದರ ಅರ್ಥವನ್ನು ಬೇರೆಯಾಗಿ ಬಿಡಿಸಿ ಹೇಳಬೇಕಾಗಿಲ್ಲ.

ಈ ಪದ್ಧತಿ ಮುಂದೆಯೂ ನಡೆಯಿತು. ಪುರಂದರದಾಸರು ಪುರಂದರವಿಠಲನೆಂದರು, ಕನಕದಾಸರು ಕಾಗಿನೆಲೆಯ ಆದಿಕೇಶವನೆಂದು ದೇವರನ್ನೂ ಊರನ್ನೂ ಕೂಡಿಸಿದರು. ೧೮೧೯ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ ಮುಸಲ್ಮಾನ ಮನೆತನದಲ್ಲಿ ಹುಟ್ಟಿದ ಶರೀಫ ಸಾಹೇಬರು, ಕಳಸದ ಗೋವಿಂದಭಟ್ಟರನ್ನು ಗುರುವೆಂದು ನಂಬಿ, ಶಿಶುನಾಳಾಧೀಶನೆಂಬ ಅಂಕಿತದಲ್ಲಿ ಹಾಡಿದರು. ಕೆಲವು ಕಾಲ ಶಾಲಾ ಮಾಸ್ತರಿಕೆಯನ್ನೂ ಮಾಡಿದ ಅವರು ೧೮೮೯ರಲ್ಲಿ ತೀರಿಕೊಂಡರು. ಹಿಂದುಗಳೂ ಮುಸಲ್ಮಾನರೂ ಇಂದಿಗೂ ಅವರ ಗದ್ದುಗೆಗೆ ನಡೆದುಕೊಳ್ಳುತ್ತಾರೆ. ತಮ್ಮ ನಂಬಿಕೆಯನ್ನು ಹೇಳುವಾಗ ಅವರು ತಮ್ಮ ಹುಟ್ಟನ್ನೂ ಮರೆಮಾಡಲಿಲ್ಲ, ಗುರುವಿನ ಋಣವನ್ನೂ ಮರೆಮಾಡಲಿಲ್ಲ.

೪. ‘ನಾನು ಬರೆದುಕೊಳ್ಳುವವನು ಮಾತ್ರ’

ಗದುಗಿನ ಕುಮಾರವ್ಯಾಸನ ರೀತಿ ಇದಕ್ಕಿಂತ ಬೇರೆ. ಹದಿನೈದನೆಯ ಶತಮಾನದ ಈ ಮಹಾಕವಿ ತನ್ನ ಮನೆ, ಮನೆತನದ ಸುದ್ದಿಯನ್ನು ಹೆಚ್ಚಾಗಿ ಹೇಳಲಿಲ್ಲ. ಆತನ ಹೆಸರು ನಾರಣಪ್ಪ, ಊರು ಕೋಳಿವಾಡ ಎಂಬುದನ್ನು ಸಂಪ್ರದಾಯದಿಂದ ತಿಳಿಯುತ್ತೇವೆ. ಆತನು ಹೇಳಿಕೊಂಡ ಮುಖ್ಯ ಪರಿಚಯ ಒಂದೇ: ಕಾವ್ಯದ ಕವಿ ಗದುಗಿನ ವೀರನಾರಾಯಣ, ತಾನು ಅದರ ಲಿಪಿಕಾರ.

ಲಿಪಿಕಾರನೆಂದರೆ ಹೇಳಿದ್ದನ್ನು ಬರೆದುಕೊಳ್ಳುವವನು, ನಮ್ಮ ಮಾತಿನಲ್ಲಿ ಗುಮಾಸ್ತ. ಕಚೇರಿಯಲ್ಲಿ ‘ನಾನೊಬ್ಬ ಗುಮಾಸ್ತ ಮಾತ್ರ’ ಎಂದು ನಿಟ್ಟುಸಿರು ಬಿಡುವ ಮಿತ್ರರು ಈ ಮಾತನ್ನು ಒಮ್ಮೆ ಯೋಚಿಸಬೇಕು. ಆದರೆ ಇಲ್ಲಿಯೂ ಒಂದು ವಿಶೇಷ ಉಂಟು. ದೇವರ ಮುಂದೆ ಲಿಪಿಕಾರನೆಂದು ತಲೆಬಾಗಿದ ಕವಿಯೇ, ಹಲಗೆ ಬಳಪ ಹಿಡಿದು ಕರಡು ಮಾಡದೆ, ಬರೆದದ್ದನ್ನು ಅಳಿಸದೆ ಕಾವ್ಯ ಬರೆದೆನೆಂದು ತನ್ನ ಕೈಯ ಹೆಚ್ಚುಗಾರಿಕೆಯನ್ನೂ ಹೇಳಿಕೊಂಡಿದ್ದಾನೆ. ನಂಬಿಕೆಯಲ್ಲಿ ವಿನಯ, ಕೆಲಸದಲ್ಲಿ ಅಭಿಮಾನ ಎರಡೂ ಒಬ್ಬನಲ್ಲಿಯೇ ಇರಬಹುದು.

೫. ಹೆಸರನ್ನು ಮರೆಸಿದ ತರುಣ

ಇನ್ನು ಪರಿಚಯವನ್ನು ಹೇಳಿಕೊಳ್ಳಲಾರದೆ ಹೋದ ಒಬ್ಬನ ಕಥೆ. ೧೮೭೦ರಲ್ಲಿ ಕಾರ್ಕಳದ ಬಳಿಯ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಬಡವ. ಉಡುಪಿಯ ಶಾಲೆಯಲ್ಲಿ ಅಂಗಸಾಧನೆಯ ಉಪಾಧ್ಯಾಯನಾಗಿದ್ದನು, ಅಂದರೆ ಮಕ್ಕಳಿಗೆ ಡ್ರಿಲ್ ಮಾಡಿಸುವ ಮಾಸ್ತರ. ಆತನು ಹಳಗನ್ನಡದಲ್ಲಿ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳನ್ನು ಬರೆದನು. ಆದರೆ ಒಬ್ಬ ಡ್ರಿಲ್ ಮಾಸ್ತರನ ಕಾವ್ಯವನ್ನು ವಿದ್ವಾಂಸರು ಮನ್ನಿಸುವರೆಂಬ ಧೈರ್ಯ ಆತನಿಗೆ ಇರಲಿಲ್ಲ. ತನಗೆ ದೊರೆತ ಪ್ರಾಚೀನ ಕೃತಿಗಳೆಂಬಂತೆ ಅವನ್ನು ಮೈಸೂರಿನ ಪತ್ರಿಕೆಗಳಿಗೆ ಕಳುಹಿಸಿದನು. ಅವು ಅಚ್ಚಾದವು, ಜನ ಮೆಚ್ಚಿದರು. ಮೆಚ್ಚಿಕೆ ಮಾತ್ರ ಯಾವನೋ ಹಳೆಯ ಕವಿಗೆ ಸಂದಿತು.

ಕ್ಷಯರೋಗದಿಂದ ೧೯೦೧ರಲ್ಲಿ ಆತನು ತೀರಿಕೊಂಡಾಗ ವಯಸ್ಸು ಮೂವತ್ತೊಂದು. ಮುದ್ದಣನೆಂಬ ಕಾವ್ಯನಾಮದ ಹಿಂದೆ ಇದ್ದ ಮನುಷ್ಯನ ಪರಿಚಯ ನಾಡಿಗೆ ಚೆನ್ನಾಗಿ ಆದದ್ದು ಆತನ ಮರಣದ ಅನಂತರವೇ. ಇಂದು ಮುದ್ದಣ ಮನೋರಮೆಯರ ಸಲ್ಲಾಪವನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಬದುಕಿರುವಾಗ ‘ಇದನ್ನು ಬರೆದವನು ನಾನು, ನಾನು ಡ್ರಿಲ್ ಮಾಸ್ತರ’ ಎಂದು ಹೇಳಿ, ಅದಕ್ಕೆ ಬಂದ ಮೆಚ್ಚಿಕೆಯನ್ನು ಕೇಳುವ ಭಾಗ್ಯ ಆತನಿಗೆ ಆಗಲಿಲ್ಲ. ತಪ್ಪು ಆತನದಲ್ಲ. ಬರಹವನ್ನು ಓದುವ ಮೊದಲು ಬರೆದವನ ಸಂಬಳವನ್ನು ಅಳೆಯುವ ಅಭ್ಯಾಸ ಲೋಕಕ್ಕೆ ಇದ್ದೇ ಇದೆ.

೬. ನಮಗೆ ಹತ್ತಿರದವರು

ಈಚಿನವರಲ್ಲಿ ಬೇಂದ್ರೆಯವರು ಅಂಬಿಕಾತನಯದತ್ತ ಎಂದು ಸಹಿ ಮಾಡಿದರು. ಅಂಬಿಕೆಯ ಮಗ ದತ್ತ ಎಂದು ಅದರ ಅರ್ಥ. ತಾಯಿಯ ಹೆಸರೇ ಮುಂದೆ. ಅವರ ಮನೆಮಾತು ಮರಾಠಿ. ಕಾಲೇಜು ವಿದ್ಯಾಭ್ಯಾಸ ನಡೆದದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಕುವೆಂಪು ಅವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆದು, ೧೯೨೨ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಸ್ತಕವನ್ನೂ ತಂದಿದ್ದರು. ಐರಿಷ್ ಕವಿ ಜೇಮ್ಸ್ ಕಸಿನ್ಸರು ಮಾತೃಭಾಷೆಯಲ್ಲಿ ಬರೆಯುವಂತೆ ಹಿತ ಹೇಳಿದರು. ಆ ಹಿತವಚನ ಫಲಿಸಿತು.

ನಮ್ಮ ಮುಂಬಯಿಯವರೇ ಆದ ಯಶವಂತ ಚಿತ್ತಾಲರನ್ನು ಮರೆಯುವಂತಿಲ್ಲ. ೧೯೨೮ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ, ಇಲ್ಲಿ ಪಾಲಿಮರ್ ತಂತ್ರಜ್ಞಾನದ ಕ್ಷೇತ್ರದಲ್ಲಿ ಉದ್ಯೋಗ ಮಾಡುತ್ತ, ೨೦೧೪ರಲ್ಲಿ ತೀರಿಕೊಳ್ಳುವ ತನಕ ಈ ನಗರದಲ್ಲಿಯೇ ಬಾಳಿದರು. ಅವರ ಕಥೆಗಳಲ್ಲಿ ಹನೇಹಳ್ಳಿ ಮತ್ತೆ ಮತ್ತೆ ಬರುತ್ತದೆ. ‘ಶಿಕಾರಿ’ ಕಾದಂಬರಿಯಲ್ಲಿ ಮುಂಬಯಿಯ ಕಂಪನಿಯ ಲೋಕವೂ ಬಂದಿದೆ. ಹುಟ್ಟಿದ ಊರು, ಅನ್ನ ಕೊಟ್ಟ ಊರು ಎರಡಕ್ಕೂ ಅವರು ತಮ್ಮ ಬರಹದಲ್ಲಿ ಜಾಗ ಕೊಟ್ಟರು.

೭. ಹಾಗಾದರೆ ನಾವು ಬರೆಯಬೇಕಾದದ್ದು ಹೇಗೆ?

ಇಷ್ಟರಿಂದ ನಾವು ಕಲಿಯತಕ್ಕ ನಾಲ್ಕು ವಿಷಯಗಳನ್ನು ಸಂಗ್ರಹಿಸುತ್ತೇನೆ.

ಮೊದಲನೆಯದು, ಊರು ಮತ್ತು ಮನೆ. ‘ದಕ್ಷಿಣ ಕನ್ನಡದವನು’, ‘ಬಿಜಾಪುರದ ಕಡೆಯವನು’ ಎಂದು ಜಿಲ್ಲೆಯ ಹೆಸರು ಹೇಳಿ ಮುಗಿಸಬೇಡಿರಿ. ಹಳ್ಳಿಯ ಹೆಸರನ್ನೇ ಬರೆಯಿರಿ. ಅಲ್ಲಿಯ ಹೊಳೆ, ಗುಡಿ, ಮಸೀದಿ, ಶಾಲೆ, ಒಂದು ಮರ, ಯಾವುದಾದರೂ ಒಂದನ್ನು ಕಣ್ಣಿಗೆ ಕಾಣುವಂತೆ ಹೇಳಿರಿ.

ಎರಡನೆಯದು, ಉದ್ಯೋಗ. ಮಾಡುವ ಕೆಲಸವನ್ನು ಅದರ ಹೆಸರಿನಿಂದಲೇ ಕರೆಯಿರಿ. ಅದರಲ್ಲಿ ನಿಮಗೆ ಮಾತ್ರ ತಿಳಿದಿರುವ ಒಂದು ಸಂಗತಿಯನ್ನು ಸೇರಿಸಿರಿ. ಒಂದೇ ಕೈಯಲ್ಲಿ ಎಷ್ಟು ತಟ್ಟೆಗಳನ್ನು ಹೇಗೆ ಹಿಡಿಯಬೇಕೆಂಬುದು ಸಪ್ಲೈಯರನಿಗೆ ಗೊತ್ತು. ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ಹುಡುಕಬೇಕೆಂಬುದು ಗುಮಾಸ್ತನಿಗೆ ಗೊತ್ತು. ಓದುವವರಿಗೆ ಅದು ಗೊತ್ತಿಲ್ಲ.

ಮೂರನೆಯದು, ಅಭಿರುಚಿ. ‘ಸಾಹಿತ್ಯ, ಸಂಗೀತ, ಕ್ರೀಡೆಯಲ್ಲಿ ಆಸಕ್ತಿ’ ಎಂಬ ಸಾಲು ಎಲ್ಲರ ಅರ್ಜಿಯಲ್ಲಿಯೂ ಇರುತ್ತದೆ. ನೀವು ಕೊನೆಗೆ ಓದಿದ ಪುಸ್ತಕ ಯಾವುದು, ಅದನ್ನು ಎಲ್ಲಿ ಕುಳಿತು ಓದಿದಿರಿ, ಯಾವ ಪುಟದಲ್ಲಿ ನಿಂತಿರಿ ಎಂದು ಹೇಳಿದರೆ ಸಾಕು. ಯಕ್ಷಗಾನ ಇಷ್ಟವಾದರೆ ಯಾವ ಪ್ರಸಂಗ, ಯಾವ ವೇಷ ಎಂದು ಬರೆಯಿರಿ.

ನಾಲ್ಕನೆಯದು, ನಂಬಿಕೆ. ಇದು ಎಲ್ಲಕ್ಕಿಂತ ಕಠಿಣ. ದೇವರನ್ನು ನಂಬುವವರು ಹಾಗೆಂದು ಹೇಳಲಿ. ನಂಬದವರು ತಾವು ಯಾವುದನ್ನು ಬಿಟ್ಟುಕೊಡಲಾರೆವೆಂಬುದನ್ನು ಹೇಳಲಿ. ದೊಡ್ಡ ಸಿದ್ಧಾಂತದ ಅಗತ್ಯವಿಲ್ಲ. ನಿತ್ಯ ಮಾಡುವ ಒಂದು ಆಚರಣೆ, ಕಷ್ಟದಲ್ಲಿ ನೆನಪಾಗುವ ಒಂದು ಮುಖ, ಇಷ್ಟೇ ಇದ್ದರೂ ಆದೀತು. ಇನ್ನೊಬ್ಬರ ನಂಬಿಕೆಯನ್ನು ಹಳಿದು ನಮ್ಮದನ್ನು ಎತ್ತರಿಸಬೇಕಾಗಿಲ್ಲ. ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪತ್ರಿಕೆಯನ್ನು ಸರದಿಯಿಂದ ಓದುವವರು ನಾವು.

ಇವನ್ನೆಲ್ಲ ಕೇಳಿದ ಮೇಲೆ ಆ ತರುಣನನ್ನು, “ನೀನು ಬರೆದ ದೊಡ್ಡ ಮಾತುಗಳಿರಲಿ, ದಿನಾಲೂ ನೀನು ಮಾಡುವುದೇನು?” ಎಂದು ವಿಚಾರಿಸಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಊರಲ್ಲಿ ಅಮ್ಮ ತುಳಸಿಯ ಮುಂದೆ ದೀಪ ಇಡುವ ಹೊತ್ತಿಗೆ ಇಲ್ಲಿ ನಮಗೆ ಸಂಜೆಯ ಗಿರಾಕಿ ಮಾಷ್ಟ್ರೇ. ಎರಡು ಕೈಯಲ್ಲೂ ತಟ್ಟೆ ಇರುತ್ತದೆ. ಮನಸ್ಸಲ್ಲೇ ಒಂದು ಸಲ ಕೈ ಮುಗಿಯುತ್ತೇನೆ,” ಎಂದನು.

“ಇದನ್ನೇ ಬರೆ,” ಎಂದೆನು.

“ಬರೆಯಬಹುದು. ಆದರೆ ತಟ್ಟೆಯ ಸುದ್ದಿ ಬಂತಲ್ಲ. ಮೊದಲು ಅಮ್ಮನಿಗೆ ಹೇಳಿ ಆಮೇಲೆ ಕೊಡುತ್ತೇನೆ,” ಎಂದು ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೋದನು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಾನು ಹೆಚ್ಚು ಒತ್ತಾಯ ಮಾಡಿದೆನೋ ಏನೋ ಎಂದು ನನಗೇ ಕಸಿವಿಸಿಯಾಯಿತು. ಮೂರನೆಯ ಭಾನುವಾರ ಬಂದು ಹೊಸ ಹಾಳೆಯನ್ನು ಮೇಜಿನ ಮೇಲೆ ಇಟ್ಟನು. ಅಮ್ಮ ಏನೆಂದಳೆಂದು ಕೇಳಿದ್ದಕ್ಕೆ, “ಒಂದು ದಿನ ಮಾತಾಡಲಿಲ್ಲ. ಮರುದಿನ ಅವಳೇ ಫೋನ್ ಮಾಡಿ, ಹೊಟ್ಟೆತುಂಬ ಊಟ ಕೊಡುತ್ತಾರಾ ಅಂತ ಕೇಳಿದಳು,” ಎಂದನು.

ಅವನ ಪರಿಚಯದಲ್ಲಿ ಈಗ ಊರಿನ ಹೆಸರಿದೆ, ಹೋಟೆಲಿನ ಕೆಲಸದ ಹೆಸರಿದೆ, ತುಳಸಿಯ ದೀಪವಿದೆ. ಹೊಡೆದು ಹಾಕಿದ ಸಾಲು ಒಂದೂ ಇಲ್ಲ. ಕಥೆಯೊಡನೆ ಅದು ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

ಅಭ್ಯಾಸ

(೧) ರನ್ನನು ತನ್ನ ಮನೆತನದ ವೃತ್ತಿಯನ್ನು ಹೇಳದೆ ಬಿಟ್ಟಿದ್ದರೆ ನಮಗಾಗುತ್ತಿದ್ದ ನಷ್ಟವೇನು? ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.

(೨) ನೀವು ವಚನಕಾರರಾಗಿದ್ದರೆ ಯಾವ ಅಂಕಿತವನ್ನು ಆರಿಸಿಕೊಳ್ಳುತ್ತಿದ್ದಿರಿ? ಕಾರಣವೇನು?

(೩) ನಿಮ್ಮ ಸ್ವಪರಿಚಯವನ್ನು ಒಂದು ಪುಟ ಮೀರದಂತೆ ಬರೆದು ತನ್ನಿರಿ. ಬರೆದ ಮೇಲೆ ಯಾವ ಸಾಲನ್ನು ಹೊಡೆದು ಹಾಕಬೇಕೆಂದು ಮನಸ್ಸಾಗುತ್ತದೆಯೋ ಅದನ್ನು ಹಾಗೆಯೇ ಬಿಟ್ಟು ತನ್ನಿರಿ. ಭಾನುವಾರ ಕೂಡಿ ಓದೋಣ.